ಬೇಕಾಗಿದ್ದದ್ದು ಹಳೆಯ ಬಟ್ಟೆ

ಪಟ್ಟಿಯಲ್ಲಿ ಏಳು ವಸ್ತುಗಳಿದ್ದವು. ಅಚ್ಚಾಗುವ ಹೊತ್ತಿಗೆ ಆರು ಉಳಿದವು. ಬಿಟ್ಟುಹೋದ ಆ ಒಂದರಿಂದಾಗಿ ಒಂದು ವಾರ ನಾನು ಎಷ್ಟು ಜನರ ಮೇಲೆ ಸಿಡುಕಿದೆ ಎಂಬುದನ್ನು ಈಗ ನೆನೆಸಿಕೊಂಡರೆ, ಮೊದಲು ಸಿಡುಕಬೇಕಾಗಿದ್ದದ್ದು ನನ್ನ ಮೇಲೆಯೇ ಎನಿಸುತ್ತದೆ.

ಎಂಬತ್ತರ ದಶಕದ ನಡುವಿನ ಒಂದು ಬೇಸಿಗೆ. ನಾನು ಮದರಾಸಿನ ಒಂದು ಇಂಗ್ಲಿಷ್ ದಿನಪತ್ರಿಕೆಯಲ್ಲಿ ಉಪಸಂಪಾದಕಿ. ಶ್ರೀಲಂಕಾದಲ್ಲಿ ಯುದ್ಧ ಶುರುವಾಗಿ, ಅಲ್ಲಿಯ ತಮಿಳರು ದೋಣಿ ಹತ್ತಿ ಈ ದಡಕ್ಕೆ ಬರುತ್ತಿದ್ದರು. ಹೆಚ್ಚಿನವರು ರಾಮೇಶ್ವರದ ಕಡೆ ಇಳಿದು ಅಲ್ಲಿಂದ ಜಿಲ್ಲೆಗಳ ಶಿಬಿರಗಳಿಗೆ ಹೋದರು. ಒಂದಷ್ಟು ಸಂಸಾರಗಳು ಮದರಾಸಿನವರೆಗೂ ಬಂದಿದ್ದವು. ಅವರನ್ನು ಊರಿನ ಉತ್ತರಕ್ಕೆ, ಸಮುದ್ರದ ಪಕ್ಕದ ಒಂದು ಕಾಂಕ್ರೀಟ್ ಕಟ್ಟಡದಲ್ಲಿ ಇರಿಸಿದ್ದರು. ಚಂಡಮಾರುತ ಬಂದಾಗ ಮೀನುಗಾರರು ಎರಡು ದಿನ ತಂಗಲೆಂದು ಕಟ್ಟಿಸಿದ ಕಟ್ಟಡ. ಇವರು ಅಲ್ಲಿ ಎರಡು ತಿಂಗಳಿನಿಂದ ಇದ್ದರು.

ಅಲ್ಲಿಗೆ ದಿನವೂ ಹೋಗಿಬರುತ್ತಿದ್ದ ಒಬ್ಬ ನರ್ಸ್ ಒಂದು ಭಾನುವಾರ ನಮ್ಮ ಕಚೇರಿಗೆ ಬಂದರು. ಐವತ್ತು ದಾಟಿದ, ಗಟ್ಟಿ ದನಿಯ ಹೆಂಗಸು. ಆಸ್ಪತ್ರೆಯ ಚೀಟಿಯ ಹಿಂಬದಿಯಲ್ಲಿ ತಮಿಳಿನಲ್ಲಿ ಬರೆದ ಪಟ್ಟಿಯನ್ನು ನನ್ನ ಮೇಜಿನ ಮೇಲಿಟ್ಟು, ಇಷ್ಟನ್ನು ನಾಳೆಯೇ ಹಾಕಿ ಎಂದರು. ಸೋಪು, ಹೆಂಗಸರ ತಿಂಗಳ ಮುಟ್ಟಿಗೆ ಹಳೆಯ ಹತ್ತಿ ಬಟ್ಟೆ, ಹಲ್ಲುಪುಡಿ, ಬಕೆಟ್ಟು, ಫಿನಾಯಿಲ್, ಬ್ಲೀಚಿಂಗ್ ಪುಡಿ, ಬಾಚಣಿಗೆ.

ನಾನು ಅದನ್ನು ಇಂಗ್ಲಿಷಿಗೆ ತಂದು ಟೈಪ್ ಮಾಡಿದೆ. ಮಾಡುವಾಗ ಒಂದು ತಪ್ಪು ಮಾಡಿದೆ. ನರ್ಸ್ ತಮ್ಮ ಪಟ್ಟಿಯಲ್ಲಿ ಬಟ್ಟೆಯನ್ನು ಎರಡನೆಯದಾಗಿ ಬರೆದಿದ್ದರು. ನಾನು ಅದನ್ನು ಕೊನೆಗೆ ಒಯ್ದೆ. ಕೊನೆಯಲ್ಲಿದ್ದರೆ ಯಾರ ಕಣ್ಣಿಗೂ ಥಟ್ಟನೆ ಬೀಳುವುದಿಲ್ಲ ಎಂಬ ಜಾಣತನ. ಪತ್ರಿಕೆಯಲ್ಲಿ ಎಂಟು ವರ್ಷ ಕೆಲಸ ಮಾಡಿದವಳಿಗೆ, ಜಾಗ ಸಾಲದಿದ್ದಾಗ ಕತ್ತರಿ ಬೀಳುವುದು ಬಾಲಕ್ಕೇ ಎಂಬುದು ಗೊತ್ತಿರಬೇಕಾಗಿತ್ತು.

ನಮ್ಮ ನ್ಯೂಸ್ ಎಡಿಟರ್ ಹಾಳೆಯನ್ನು ಓದಿ ಪೆನ್ಸಿಲಿನ ತುದಿಯನ್ನು ಕೊನೆಯ ಸಾಲಿನ ಮೇಲಿಟ್ಟರು.

"ಇದೇನಮ್ಮ?"

"ಬಟ್ಟೆ ಸಾರ್."

"ಬಟ್ಟೆ ಅಂತ ನನಗೂ ಓದೋಕೆ ಬರುತ್ತೆ. ಯಾತಕ್ಕೆ ಅನ್ನೋದನ್ನ ಯಾಕೆ ಬರೀಬೇಕು?"

"ಬರೀದಿದ್ರೆ ನೈಲಾನ್ ಸೀರೆ ಕಳಿಸ್ತಾರೆ ಸಾರ್. ಈಗಾಗಲೇ ಬೇಕಾದಷ್ಟು ಕಳಿಸಿದಾರೆ."

"ಜನ ನಮ್ಮ ಪೇಪರನ್ನ ಬೆಳಿಗ್ಗೆ ಕಾಫಿ ಜೊತೆ ಓದ್ತಾರೆ."

"ಅದೇ ಪುಟದಲ್ಲಿ ಮೂರು ಹೆಣದ ಫೋಟೋ ಇದೆ ಸಾರ್."

"ಅದು ಸುದ್ದಿ," ಎಂದು ಅವರು ಸಾಲನ್ನು ಹೊಡೆದುಹಾಕಿದರು. ಸಿಟ್ಟಿನಿಂದಲ್ಲ, ಹೆಚ್ಚಾದ ಅಲ್ಪವಿರಾಮವೊಂದನ್ನು ತೆಗೆಯುವಂತೆ.

ಸೋಮವಾರ ಪಟ್ಟಿ ಅಚ್ಚಾಯಿತು. ಮಂಗಳವಾರ ಬೆಳಿಗ್ಗೆ, ನನ್ನ ಪಾಳಿ ಶುರುವಾಗುವ ಮೊದಲು, ಬಸ್ಸು ಹತ್ತಿ ಆ ಕಟ್ಟಡಕ್ಕೆ ಹೋದೆ. ಓದುಗರು ಧಾರಾಳಿಗಳು. ಸೋಪಿನ ಪೆಟ್ಟಿಗೆಗಳನ್ನು ಗೋಡೆಯ ಉದ್ದಕ್ಕೂ ಜೋಡಿಸಿದ್ದರು. ಅವುಗಳ ಮೇಲೆ ಮಕ್ಕಳು ಕುಳಿತು ಕಾಲಾಡಿಸುತ್ತಿದ್ದರು. ಬಕೆಟ್ಟುಗಳು ಒಂದರೊಳಗೊಂದು ಕೂತು ನನ್ನಷ್ಟು ಎತ್ತರ ನಿಂತಿದ್ದವು. ನೀರಿನ ಲಾರಿ ಬರುತ್ತಿದ್ದದ್ದು ದಿನ ಬಿಟ್ಟು ದಿನ. ಆ ಬೇಸಿಗೆಯಲ್ಲಿ ಊರಿಗೇ ನೀರಿರಲಿಲ್ಲ.

"ಬಟ್ಟೆ ಎಲ್ಲಿ?" ಎಂದು ನರ್ಸ್ ಕೇಳಿದರು. ನಾನು ನಡೆದದ್ದನ್ನು ಹೇಳಿದೆ. ಅವರು ಬಯ್ಯಲಿಲ್ಲ. "ಬಾ, ನೋಡು" ಎಂದು ಒಳಗೆ ಕರೆದೊಯ್ದರು. ಅವರು ಮಾತಾಡುತ್ತಿದ್ದದ್ದು ಮದರಾಸಿನ ತಮಿಳು. ಇಲ್ಲಿ ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಮೂಲೆಯಲ್ಲಿ ಸೀರೆಯೊಂದನ್ನು ಅಡ್ಡ ಕಟ್ಟಿ ಮಾಡಿಕೊಂಡ ಜಾಗದಲ್ಲಿ ಒಬ್ಬ ಹೆಂಗಸು ಮಗಳ ಪಕ್ಕ ಕುಳಿತಿದ್ದರು. ಲಂಕೆಯಲ್ಲಿ ಶಾಲೆಯೊಂದರಲ್ಲಿ ಗಣಿತ ಹೇಳಿಕೊಡುತ್ತಿದ್ದ ಟೀಚರ್. ಗಂಡ ಇನ್ನೂ ದಾಟಿ ಬಂದಿರಲಿಲ್ಲ. ಇನ್ನಿಬ್ಬರು ಚಿಕ್ಕ ಮಕ್ಕಳು ಹೊರಗೆಲ್ಲೋ ಇದ್ದರು. ಮಗಳಿಗೆ ಹದಿನೈದು. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ ಅವಳು ತಿರುಗಲಿಲ್ಲ.

ಉಟ್ಟ ಬಟ್ಟೆಯಲ್ಲಿ ಬಂದವರು ಅವರು. ಇಲ್ಲಿ ಸಿಕ್ಕದ್ದು ದಾನವಾಗಿ ಬಂದ ನೈಲಾನ್ ಸೀರೆಗಳು. ಅದನ್ನೇ ಹರಿದು ಮಡಚಿ ಬಳಸಿದ್ದರು. ನೈಲಾನ್ ಏನನ್ನೂ ಹೀರುವುದಿಲ್ಲ, ಉಜ್ಜುತ್ತದೆ. ಹುಡುಗಿಯ ಚರ್ಮ ಸುಲಿದು ಹುಣ್ಣಾಗಿ, ಹುಣ್ಣು ಕೀವು ಕಟ್ಟಿ, ಜ್ವರ ಬಂದಿತ್ತು.

"ಮುಲಾಮು ನನ್ನ ಹತ್ರ ಇದೆ, ಮಾತ್ರೆ ಇದೆ. ಬಟ್ಟೆ ಇಲ್ಲ," ಎಂದರು ನರ್ಸ್. "ಶನಿವಾರ ಲಾರಿ ಬರುತ್ತೆ. ಇವರನ್ನೆಲ್ಲ ದಕ್ಷಿಣದ ಕ್ಯಾಂಪಿಗೆ ಕಳಿಸ್ತಾರೆ. ಹತ್ತು ಗಂಟೆ ದಾರಿ. ಜ್ವರ ಇಳೀದಿದ್ರೆ ಈ ಹುಡುಗೀನ ನಾನು ಹತ್ತಿಸೋದಿಲ್ಲ, ಆಸ್ಪತ್ರೆಗೆ ಸೇರಿಸ್ತೀನಿ."

"ಹಾಗಾದ್ರೆ ನಾನೂ ಉಳಿಯುತ್ತೇನೆ ಮಿಸ್ಸಿ," ಎಂದರು ಟೀಚರ್. ಅವರ ಕಡೆ ನರ್ಸನ್ನು ಹಾಗೆ ಕರೆಯುತ್ತಾರೆ.

"ಉಳಿದ್ರೆ ನಿರಾಶ್ರಿತರ ಕಾರ್ಡಿನಿಂದ ಹೆಸರು ಹೋಗುತ್ತೆ. ಚಿಕ್ಕವರಿಬ್ಬರಿಗೂ ರೇಷನ್ ಹೋಗುತ್ತೆ. ಕ್ಯಾಂಪ್ ಆಫೀಸರ್ ಹೇಳಿದ್ದು ಕೇಳಿಸಿಕೊಂಡಿರಲ್ಲ."

"ಓಮ್," ಎಂದರು ಟೀಚರ್. ಹೌದು ಎನ್ನಲು ಅವರು ಬಳಸುವ ಮಾತು ಅದು. ಆಮೇಲೆ ನನ್ನನ್ನು ನೋಡಿ, ತಂಗಿಯೆಂದು ಕರೆದು, ಶಾಲೆಯಲ್ಲಿ ಲೆಕ್ಕ ಕೊಡುವ ದನಿಯಲ್ಲಿ, "ಇವತ್ತು ಮಂಗಳವಾರ, ತಂಗಚ್ಚಿ," ಎಂದರು.

ಮಂಗಳವಾರ ಸಂಜೆ ಪುರಸೈವಾಕ್ಕಂನಲ್ಲಿ ನಮ್ಮ ಕಡೆಯ ಕನ್ನಡ ಸಂಘದ ಮಹಿಳಾ ವಿಭಾಗ ಸೇರುತ್ತಿತ್ತು. ನಾನು ಕಚೇರಿಯಿಂದ ಒಂದು ಗಂಟೆ ಬಿಡುವು ಕೇಳಿಕೊಂಡು ಅಲ್ಲಿಗೆ ಹೋದೆ. ಕನ್ನಡದಲ್ಲಿ, ಹೆಂಗಸರ ನಡುವೆ, ಬೇಕಾದದ್ದನ್ನು ಬೇಕಾದ ಹೆಸರಿನಿಂದಲೇ ಹೇಳಿದೆ. ಯಾರೂ ಮುಖ ಮುರಿಯಲಿಲ್ಲ. ಎಲ್ಲರೂ ಅಯ್ಯೋ ಪಾಪ ಎಂದರು. ಆದರೆ ಕೊಡುತ್ತೇನೆ ಎಂದು ಯಾರೂ ಮುಂದೆ ಬರಲಿಲ್ಲ.

ಅಧ್ಯಕ್ಷೆ ಧಾರವಾಡದವರು, ಯಜಮಾನರು ರೈಲ್ವೆಯಲ್ಲಿ ದೊಡ್ಡ ಹುದ್ದೆಯಲ್ಲಿದ್ದರು. ಅವರು ಗಂಟಲು ಸರಿಮಾಡಿಕೊಂಡರು.

"ಉಡಾಕ ಬೇಕಂದ್ರ ಈಗಿಂದೀಗ ನಲವತ್ತ ಸೀರಿ ಕೊಡ್ತೀವ್ರಿ. ಆದ್ರ ಉಟ್ಟ ಸೀರಿ ಅದಕ್ಕ ಅಂತ ಕೊಡೂದು ಹೆಂಗ?"

"ಯಾಕೆ ಕೊಡಬಾರದು?"

"ನಿಮ್ಮ ಮನ್ಯಾಗ ಕೊಡ್ತಾರೇನ್ರಿ?"

ಕೊಡುವುದಿಲ್ಲ ಎಂದು ನನಗೆ ಗೊತ್ತಿತ್ತು. ಮೈಸೂರಿನವರು, ಧಾರವಾಡದವರು, ಮಂಗಳೂರಿನವರು ಬೇರೆ ಯಾವುದರಲ್ಲೂ ಒಪ್ಪದಿದ್ದರೂ ಇದರಲ್ಲಿ ಒಂದೇ. ಮುತ್ತೈದೆ ಉಟ್ಟು ಬಿಟ್ಟ ಸೀರೆಯನ್ನು ಬಡವರಿಗೆ ಉಡಲು ಕೊಡಬಹುದು, ಕೂಸಿನ ತೊಟ್ಟಿಲಿಗೆ ಕೊಡಬಹುದು. ಆ ಮೂರು ದಿನದ ಬಟ್ಟೆಯಾಗಿ ಮಾತ್ರ ಅದು ಮನೆಯ ಹೊಸಿಲು ದಾಟಬಾರದು. ದಾಟಿದರೆ ಉಟ್ಟವಳಿಗೂ ಅವಳ ಮಕ್ಕಳಿಗೂ ಕೆಡುಕು. ಯಾರು ಮಾಟ ಮಾಡುತ್ತಾರೆ, ಯಾವ ಹಾವು ನೋಡುತ್ತದೆ ಎಂಬ ವಿವರಗಳು ಊರಿನಿಂದ ಊರಿಗೆ ಬೇರೆ.

"ಹೊಸಾದು ಕೊಡೂಣು," ಎಂದರು ಅಧ್ಯಕ್ಷೆ. "ಹಳೇದು ಯಾಕ ಕೊಡಬೇಕು? ಹೊಸಾ ಬಟ್ಟಿ ಕೊಡೂಣು, ಮರ್ಯಾದಿಂದ."

ಎಲ್ಲರಿಗೂ ಹಗುರವಾಯಿತು. ನನಗೂ ಆಯಿತು ಎಂದು ಒಪ್ಪಿಕೊಳ್ಳಬೇಕು. ಸಂಘದ ಕಾರ್ಯದರ್ಶಿ ಉಡುಪಿ ಕಡೆಯ ಗಂಡಸು, ಬ್ಯಾಂಕಿನ ನೌಕರರು. ಅವರು ಬುಧವಾರ ಬೆಳಿಗ್ಗೆ ಬ್ಯಾಂಕಿಗೆ ರಜೆ ಹಾಕಿ ಪ್ಯಾರೀಸ್ ಕಾರ್ನರಿನ ಹಿಂದಿನ ಸಗಟು ಅಂಗಡಿಗಳಿಂದ ಮೂಟೆ ಕಟ್ಟಿದ ಒಂದು ಇಡೀ ಬೇಲು ಲಾಂಗ್‌ಕ್ಲಾತ್ ಕೊಂಡರು. ಹನ್ನೊಂದು ಗಂಟೆಗೆ ನಾವಿಬ್ಬರೂ ಟ್ಯಾಕ್ಸಿಯಲ್ಲಿ ಅದನ್ನು ತಂದು ನರ್ಸ್ ಮುಂದೆ ಇಳಿಸಿದೆವು. ಬಿಳಿ ಬಟ್ಟೆ, ಮಡಿಕೆಗಳಲ್ಲಿ ಗರಿಗರಿ, ಮಿಲ್ಲಿನ ನೀಲಿ ಮುದ್ರೆ.

ನರ್ಸ್ ಒಂದು ತುದಿಯನ್ನು ಬೆರಳಿನಲ್ಲಿ ತಿಕ್ಕಿದರು. ಮಡಕೆಯಲ್ಲಿ ಕೈ ಅದ್ದಿ ಅದರ ಮೇಲೆ ಎರಡು ಹನಿ ಬೀಳಿಸಿದರು. ಹನಿಗಳು ಗುಂಡಗೆ ನಿಂತವು. ಬಟ್ಟೆಯನ್ನು ಓರೆ ಮಾಡಿದರು. ಜಾರಿ ನೆಲಕ್ಕೆ ಬಿದ್ದವು.

"ಗಂಜಿ," ಎಂದರು. "ಇದನ್ನ ಇಟ್ಕೊಂಡ್ರೆ ನೈಲಾನಿಗಿಂತ ಹೆಚ್ಚು ಕುಯ್ಯುತ್ತೆ. ಐದು ಸಲ ಒಗೆದು, ಕುದಿಸಿ, ತಿಂಗಳು ಬಳಸಿದ ಮೇಲೆ ಒಳ್ಳೇ ಬಟ್ಟೆ. ಒಗೆಯೋ ನೀರು ತಂದಿದೀರಾ?"

ಕಾರ್ಯದರ್ಶಿಗಳು ನನ್ನನ್ನು ಪಕ್ಕಕ್ಕೆ ಕರೆದರು. "ಎಂತ ಮಾರಾಯ್ರೆ ಇದು? ಹೊಸ ಬಟ್ಟೆ ಬೇಡ ಹೇಳುವವರನ್ನು ನಾನು ಇವತ್ತೇ ನೋಡಿದ್ದು."

"ಬೇಡ ಅಂತ ಅವರು ಹೇಳಲಿಲ್ಲ. ಹಳೇದು ಬೇಕು ಅಂತ ಮೊದಲಿಂದ ಹೇಳ್ತಾ ಇದಾರೆ."

"ಹಾಗಾದರೆ ಈ ಬೇಲನ್ನು ಎಂತ ಮಾಡುವುದು?"

ಬೇಲು ಮತ್ತೆ ಟ್ಯಾಕ್ಸಿ ಹತ್ತಿತು. ಒಳಗೆ ಹುಡುಗಿಯ ಜ್ವರ ನೂರಾ ಎರಡು ಇತ್ತು. ಟೀಚರ್ ಅವಳ ಹಣೆಯ ಮೇಲೆ ಒದ್ದೆ ಬಟ್ಟೆ ಹಾಕಿದ್ದರು. ಅದೂ ನೈಲಾನ್, ನೀರು ಅದರಿಂದಿಳಿದು ಕಿವಿಯ ಹಿಂದೆ ಹರಿಯುತ್ತಿತ್ತು.

ಆ ಸಂಜೆ ನನಗೆ ಪಾಳಿ ಇರಲಿಲ್ಲ. ಮನೆಗೆ ಬಂದು ಅಡುಗೆಮನೆಯಲ್ಲಿ ಅಮ್ಮನ ಹತ್ತಿರ ಎಲ್ಲವನ್ನೂ ಹೇಳಿ, ನೇರವಾಗಿ ಕೇಳಿದೆ. ಅಮ್ಮನ ಟ್ರಂಕಿನಲ್ಲಿ ಹತ್ತು ಹನ್ನೆರಡು ಹಳೆಯ ನೂಲಿನ ಸೀರೆಗಳಿದ್ದವು. ಬೆಣ್ಣೆಯಷ್ಟು ಮೆತ್ತಗೆ.

"ಉಡೋಕೆ ಅಂತ ಕೇಳು, ಈಗ್ಲೇ ತೆಗೆದು ಕೊಡ್ತೀನಿ," ಎಂದರು ಅಮ್ಮ.

"ಸರಿ, ಉಡೋಕೆ ಅಂತ್ಲೇ ಕೊಡು. ಅಲ್ಲಿ ಹೋಗಿ ನಾನು ಹರೀತೀನಿ."

"ನೀನು ಹರೀತೀಯ ಅಂತ ನಂಗೆ ಗೊತ್ತಿರುತ್ತಲ್ವಾ? ಗೊತ್ತಿದ್ದೂ ಕೊಟ್ಟ ಹಾಗಾಗುತ್ತೆ ಕಣೇ."

"ಅಮ್ಮ, ಆ ಹುಡುಗಿಗೆ ನೂರಾ ಎರಡು ಜ್ವರ."

"ನಾನೇನು ಜ್ವರ ಬರಲಿ ಅಂದ್ನಾ? ನಿನ್ನ ಆಯಸ್ಸಿಗೆ ಅಂತಾನೇ ಹೇಳ್ತಿರೋದು, ನನ್ನ ಸೀರೆ ಮೇಲೆ ಆಸೆಗಲ್ಲ."

ಪ್ರಧಾನಿಯ ಭಾಷಣದಲ್ಲಿ ತಪ್ಪು ಹುಡುಕುವುದು ನನ್ನ ಕೆಲಸ. ಅಮ್ಮನ ವಾದದಲ್ಲಿ ನನಗೆ ಎಂದೂ ಸಿಕ್ಕಿದ್ದಿಲ್ಲ. ಅಮ್ಮ ಅನ್ನ ಬಸಿದರು. ಹುಡುಗಿ ಏನು ತಿನ್ನುತ್ತಾಳೆ, ಅವಳ ಅಮ್ಮನಿಗೆ ಬೇರೆ ಯಾರಾದರೂ ಇದ್ದಾರೆಯೇ ಎಂದೆಲ್ಲ ಕೇಳಿದರು. ಶನಿವಾರದ ಲಾರಿಯ ವಿಷಯವನ್ನು ಎರಡು ಸಲ ಹೇಳಿಸಿಕೊಂಡರು. ಆಮೇಲೆ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಹಿಂದಿನ ವರಾಂಡಕ್ಕೆ ಹೋಗಿ ನಿಂತರು. ಅಲ್ಲಿ ತಂತಿಯ ಮೇಲೆ ಅಪ್ಪನ ಪಂಚೆಗಳು ಒಣಗುತ್ತಿದ್ದವು.

"ಗಂಡಸರು ಉಟ್ಟಿದ್ದಕ್ಕೆ ಯಾರೂ ಏನೂ ಹೇಳಿಲ್ಲ," ಎಂದರು.

"ಯಾರು ಹೇಳಿಲ್ಲ?"

"ನಮ್ಮಜ್ಜಿ ಹೇಳಿಲ್ಲ, ನಮ್ಮಮ್ಮ ಹೇಳಿಲ್ಲ, ನಮ್ಮತ್ತೆ ಹೇಳಿಲ್ಲ. ಮೂರು ಜನದ್ದೂ ಬಾಯಿಗೆ ಬಿಡುವೇ ಇರ್ತಿರಲಿಲ್ಲ. ಶಾಸ್ತ್ರ ಇದ್ದಿದ್ರೆ ಹೇಳದೆ ಬಿಡ್ತಿದ್ರಾ?"

ಮುಂದಿನ ಕೋಣೆಯಲ್ಲಿ ಅಪ್ಪ ಪೇಪರು ಓದುತ್ತಿದ್ದರು. ಇನ್ಶೂರೆನ್ಸ್ ಕಚೇರಿಯಿಂದ ನಿವೃತ್ತರಾದ ಮೇಲೆ ಬೆಳಗಿನ ಪೇಪರನ್ನು ಸಂಜೆ ಇನ್ನೊಮ್ಮೆ ಓದುವ ಅಭ್ಯಾಸ. ಅಮ್ಮ ಬಾಗಿಲಲ್ಲಿ ನಿಂತು ಹೇಳಿದರು. ಅಪ್ಪ ಪೇಪರನ್ನು ಇಳಿಸಿದರು.

"ನನ್ನ ಪಂಚೆನಾ?"

"ಮತ್ತೆ ಪಕ್ಕದ ಮನೆಯೋರ್ದಾ?"

"ಅದರಲ್ಲಿ ನಾನು ಸಂಧ್ಯಾವಂದನೆ ಮಾಡ್ತೀನಿ."

"ಮಡಿ ಪಂಚೆ ನಾನು ಕೇಳಲಿಲ್ಲ. ಮನೇಲಿ ಉಡೋದು, ಊಟಕ್ಕೆ ಉಡೋದು, ಆಮೇಲೆ ನಿಮ್ಮಣ್ಣನ ಮನೆ ಉಪನಯನಕ್ಕೆ ಕೊಟ್ಟಿದ್ದು."

"ಉಟ್ಟು ಉಟ್ಟು ಈಗ ತಾನೇ ಮೈಗೆ ಹಿತವಾಗಿದೆ. ಹದಿನೈದು ವರ್ಷ ಆಯ್ತು."

"ಅದಕ್ಕೇ ಕೇಳಿದ್ದು."

ಅಪ್ಪ ನನ್ನ ಕಡೆ ನೋಡಿದರು. ಸಹಾಯ ಮಾಡು ಎಂಬ ನೋಟ. ನಾನು ನೆಲ ನೋಡಿದೆ. "ಶರಿ," ಎಂದರು ಕೊನೆಗೆ, ತಮಿಳಿನಲ್ಲಿ. ಸೋತಾಗಲೆಲ್ಲ ಅವರು ತಮಿಳಿನಲ್ಲೇ ಒಪ್ಪುತ್ತಿದ್ದರು. "ಆದ್ರೆ ಯಾರಿಗೂ ಹೇಳಬೇಡಿ."

ಗುರುವಾರ ಬೆಳಿಗ್ಗೆ ಏಳು ಗಂಟೆಗೆ ಅಮ್ಮ ಆಟೋ ಹತ್ತಿ ಅಧ್ಯಕ್ಷೆಯ ಮನೆಗೆ ಹೋದರು. ಒಂಬತ್ತಕ್ಕೆ ಅವರಿಬ್ಬರೂ ಇನ್ನೂ ನಾಲ್ಕು ಮನೆ ಮುಗಿಸಿಕೊಂಡು ನಮ್ಮ ಮನೆಗೆ ಬಂದಾಗ ಆಟೋದ ಹಿಂಬದಿ ತುಂಬ ಗಂಟುಗಳಿದ್ದವು. ಅಧ್ಯಕ್ಷೆಯ ಮುಖದಲ್ಲಿ ಉತ್ಸಾಹ ಎದ್ದು ಕಾಣುತ್ತಿತ್ತು.

"ನಮ್ಮ ಮನ್ಯಾಗ ಟ್ರಂಕ್ ತುಂಬ ಧೋತರ ಅದಾವು ನೋಡ್ರಿ. ಅವರು ಪ್ಯಾಂಟ್ ಹಾಕ್ಕೊಳ್ಳಾಕ ಹತ್ತಿ ಹತ್ತ ವರ್ಷ ಆತು. ಇಲೀನೂ ಮುಟ್ಟಂಗಿಲ್ಲ, ನಾನೂ ಮುಟ್ಟಂಗಿಲ್ಲ."

"ಅವರು ಏನಂದ್ರು?" ಎಂದೆ.

"ಆಫೀಸಿಗೆ ಹೋಗ್ಯಾರ. ಬಂದ ಮ್ಯಾಲೆ ಅಂತಾರ."

ಕುದಿಸಲು ಸಂಘದ ಕಲ್ಯಾಣಮಂಟಪದ ದೊಡ್ಡ ಪಾತ್ರೆ ಕೇಳಿದ್ದರು. ಅಲ್ಲಿಯ ಅಡುಗೆಯವರು, ಅದರಲ್ಲಿ ಹುಳಿ ಮಾಡುತ್ತೇವೆ, ಬಟ್ಟೆ ಕುದಿಸುವುದಾದರೆ ಮುಂದಿನ ಮದುವೆಗೆ ಬೇರೆ ಅಡುಗೆಯವರನ್ನು ನೋಡಿಕೊಳ್ಳಿ ಎಂದಿದ್ದರು. ಕೊನೆಗೆ ನಮ್ಮ ಬಚ್ಚಲಿನ ಹಂಡೆಯೇ ಗತಿ. ಬೀದಿಯ ಕೈಪಂಪಿನಿಂದ ನಾನೂ ಸಂಘದ ಇನ್ನಿಬ್ಬರು ಹೆಂಗಸರೂ ನೀರು ಹೊತ್ತೆವು. ಅಮ್ಮ ಸ್ನಾನ ಮಾಡಿ ಮಡಿಯುಟ್ಟು ಯಾರನ್ನೂ ಮುಟ್ಟದೆ ಇರುವ ಹೊತ್ತು ಅದು. ಆ ದಿನ ನೆಲದ ಮೇಲೆ ಕುಳಿತು ಪಂಚೆ ಹರಿದರು. ಮೊದಲು ಅಂಚುಗಳನ್ನು ಕತ್ತರಿಸಿ ತೆಗೆದರು. ಅಂಚು ಗಡುಸು, ಅದು ತಾಗಬಾರದು ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕೆಂಪು, ಹಸಿರು, ಜರಿಯ ಅಂಚುಗಳು ಪಕ್ಕದಲ್ಲಿ ಗುಡ್ಡೆ ಬಿದ್ದವು. ಹರಿದು, ಕುದಿಸಿ, ಮಾಳಿಗೆಯ ಮೇಲೆ ಹರವಿದರೆ ಮದರಾಸಿನ ಬಿಸಿಲಿಗೆ ಅರ್ಧ ಗಂಟೆ ಸಾಕು. ಆಮೇಲೆ ಬೀದಿಯ ಇಸ್ತ್ರಿಯವನ ಗಾಡಿಗೆ. ಕೆಂಡದ ಪೆಟ್ಟಿಗೆಯನ್ನು ಎತ್ತುತ್ತ ಅವನು ಇದೇನು ಕರ್ಚೀಫೇ ಎಂದು ಕೇಳಿದ. ಬ್ಯಾಂಡೇಜು, ಸುಡುವಷ್ಟು ಬಿಸಿ ಇರಲಿ ಎಂದರು ಅಮ್ಮ.

ಮಧ್ಯಾಹ್ನ ಊಟಕ್ಕೆ ಮನೆಗೆ ಹೋಗಿದ್ದ ಕಾರ್ಯದರ್ಶಿಗಳು ಊಟ ಮಾಡದೆ ನೇರವಾಗಿ ನಮ್ಮ ಮನೆಗೆ ಬಂದರು. ಬಾಗಿಲಲ್ಲೇ ನಿಂತು ಅಂಚುಗಳ ಗುಡ್ಡೆಯನ್ನು ನೋಡಿ, ಬಗ್ಗಿ ಒಂದನ್ನು ಎತ್ತಿದರು.

"ಇದು ನನ್ನ ಮದುವೆಯದ್ದು."

"ಮದುವೆಗೆ ಮೂವತ್ತು ವರ್ಷ ಆಗಿರಬೇಕಲ್ಲಾ?" ಎಂದರು ಅಮ್ಮ. "ಚೆನ್ನಾಗಿ ಮೆತ್ತಗಾಗಿದೆ ನೋಡಿ."

"ಅಲ್ಲ ಅಮ್ಮ, ಒಂದು ಮಾತು ಕೇಳಬಹುದಿತ್ತಲ್ಲ ನನ್ನನ್ನು?"

"ಕೇಳಿದ್ರೆ ಕೊಡ್ತಿದ್ರಾ?"

ಅವರು ಸತ್ಯವಂತರು; ಕೈಯಲ್ಲಿದ್ದ ಅಂಚನ್ನು ಮತ್ತೆ ಗುಡ್ಡೆಯ ಮೇಲಿಟ್ಟರು. ಮಜ್ಜಿಗೆ ಕುಡಿದ ಮೇಲೆ ಅವರ ಚಿಂತೆ ಬೇರೆ ಕಡೆ ತಿರುಗಿತು. ಶನಿವಾರ ಬೆಳಿಗ್ಗೆ, ಲಾರಿ ಹೊರಡುವ ಮೊದಲು, ಸಂಘದಿಂದ ವಿತರಣಾ ಸಮಾರಂಭ ಇಟ್ಟುಕೊಂಡಿದ್ದರಂತೆ. ಫೋಟೋಗ್ರಾಫರಿಗೆ ಹೇಳಿಯಾಗಿತ್ತು. "ಗಂಡಸರ ಹಳೆ ಪಂಚೆ ಕೊಡುವ ಫೋಟೋ ತೆಗೆಯಲಿಕ್ಕೆ ಆಗ್ತದಾ? ಸಂಘದ ಮರ್ಯಾದೆ ಎಂತ ಆಗ್ತದೆ?" ಎಂದರು. ಆಮೇಲೆ ತಾವೇ ದಾರಿ ಕಂಡುಕೊಂಡರು. "ಫೋಟೋಕ್ಕೆ ಆ ಬೇಲು ಉಂಟಲ್ಲ."

ಮೂರು ಗಂಟೆಗೆ ನಾನು ಬಟ್ಟೆಯ ಗಂಟನ್ನು ನರ್ಸ್ ಕೈಗೆ ಕೊಟ್ಟೆ. ಅವರು ಒಂದನ್ನು ಬಿಡಿಸಿ ಅದೇ ಪರೀಕ್ಷೆ ಮಾಡಿದರು. ಹನಿ ಬಿದ್ದಲ್ಲೇ ಮಾಯವಾಯಿತು. ಅವರು ಕೆಲವನ್ನು ಎತ್ತಿಕೊಂಡು ಪರದೆಯ ಹಿಂದೆ ಹೋದರು. ಟೀಚರ್ ಉಳಿದದ್ದನ್ನು ಕಟ್ಟಡದ ಹೆಂಗಸರಿಗೆಲ್ಲ ಹಂಚಿದರು. ಮಗಳಿಗೆಂದು ಒಂದು ಹೆಚ್ಚು ಇಟ್ಟುಕೊಳ್ಳಿ ಎಂದೆ. "ಅವಳಿಗೆ ಹನ್ನೆರಡು ಇದೆ, ತಂಗಚ್ಚಿ. ಒಗೆದು ಒಣಗಿಸಿದರೆ ಹನ್ನೆರಡು ಸಾಕು," ಎಂದರು.

ಒಣಗಿಸುವುದೇ ಕಷ್ಟವಾಯಿತು. ಶುಕ್ರವಾರ ಬೆಳಿಗ್ಗೆ ನಾನು ಹೋದಾಗ ಒಳಗೆ ನರ್ಸಿನ ದನಿ ರಸ್ತೆಯವರೆಗೂ ಕೇಳುತ್ತಿತ್ತು. ಕಟ್ಟಡದ ಸುತ್ತ ಇಡೀ ದಿನ ಗಂಡಸರು ಕುಳಿತಿರುತ್ತಿದ್ದರು. ಅವರ ಕಣ್ಣೆದುರು ಆ ಬಟ್ಟೆಯನ್ನು ಹರವಲು ಯಾವ ಹೆಂಗಸೂ ತಯಾರಿರಲಿಲ್ಲ. ಒಳಗಿನ ಕತ್ತಲಲ್ಲಿ, ಒದ್ದೆ ಸೀರೆಗಳ ಅಡಿಯಲ್ಲಿ ಬಚ್ಚಿಟ್ಟು ಒಣಗಿಸುತ್ತಿದ್ದರು. ಮುಟ್ಟಿದರೆ ಎಲ್ಲವೂ ತಂಪು, ಮುಗ್ಗಲು ವಾಸನೆ.

"ಬಿಸಿಲು ಕಾಣದಿದ್ರೆ ಎಲ್ಲ ವ್ಯರ್ಥ," ಎನ್ನುತ್ತಿದ್ದರು ನರ್ಸ್. "ನಾಚಿಕೆಗೆ ನನ್ನ ಹತ್ರ ಮಾತ್ರೆ ಇಲ್ಲ."

ಮೇಲೆ ಮಾಳಿಗೆ ಇತ್ತು, ಬಾಗಿಲಿಗೆ ಬೀಗ. ಕಾವಲುಗಾರ ಬೀಗದ ಕೈಯನ್ನು ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ.

"ಮಾಳಿಗೆ ತೆರೆಯೋದು ಚಂಡಮಾರುತ ಬಂದಾಗ ಮಾತ್ರ," ಎಂದ.

"ಚಂಡಮಾರುತದಲ್ಲಿ ಯಾರಾದ್ರೂ ಮಾಳಿಗೆಗೆ ಹೋಗ್ತಾರಾ?" ಎಂದೆ.

"ಅದು ನನಗೆ ಗೊತ್ತಿಲ್ಲ. ಆರ್ಡರು ಹಾಗಿದೆ."

ಪತ್ರಿಕೆಯ ಗುರುತಿನ ಚೀಟಿಯನ್ನು ಯಾರ ಮುಖಕ್ಕೂ ಹಿಡಿಯಬಾರದು ಎಂಬುದು ನಾನು ಪಾಲಿಸಿಕೊಂಡು ಬಂದ ನಿಯಮ. ಆ ದಿನ ಹಿಡಿದೆ. ಅವನು ಅದನ್ನು ತಲೆಕೆಳಗಾಗಿ ಓದಿ ಬೀಗ ತೆಗೆದ. ನರ್ಸ್ ಮೇಲೆ ಹಗ್ಗ ಕಟ್ಟಿಸಿ, ಮೆಟ್ಟಿಲಿನ ಬುಡದಲ್ಲಿ ಒಬ್ಬ ಮುದುಕಿಯನ್ನು ಕೂರಿಸಿದರು. ಟೀಚರ್ ಮಗಳ ಬಟ್ಟೆಗಳನ್ನು ಹಿಡಿದು ಎಲ್ಲರಿಗಿಂತ ಮೊದಲು ಹತ್ತಿದರು. ಮಧ್ಯಾಹ್ನದ ಹೊತ್ತಿಗೆ ಉಳಿದವರೂ ಹತ್ತಿದ್ದರು. ಸಂಜೆ ಕಚೇರಿಗೆ ನರ್ಸ್ ಫೋನ್ ಮಾಡಿ ಒಂದೇ ಮಾತು ಹೇಳಿದರು: "ನೂರು."

ಶನಿವಾರ ಲಾರಿಗಳು ಎಂಟಕ್ಕೆ ಬಂದವು. ಸಮಾರಂಭ ಒಂಬತ್ತಕ್ಕೆ. ಮೈಕು ಬಂದದ್ದು ಒಂಬತ್ತೂವರೆಗೆ. ಹೊರಡಬೇಕಾದವರು ತಮ್ಮ ಬಕೆಟ್ಟು, ಗಂಟುಗಳೊಂದಿಗೆ ಬಿಸಿಲಲ್ಲಿ ನಿಂತಿದ್ದರು. ನರ್ಸ್ ಹುಡುಗಿಯನ್ನು ಒಳಗೆ ಕರೆದೊಯ್ದು ನೋಡಿ ಬಂದರು.

"ಜ್ವರ ಇಲ್ಲ. ಹುಣ್ಣಿನ ಅಂಚು ಒಣಗಿದೆ," ಎಂದು ಆಫೀಸರಿಗೆ ಹೇಳಿದರು. "ಕಳಿಸ್ತೀನಿ. ದಾರಿಯಲ್ಲಿ ಎರಡು ಕಡೆ ನಿಲ್ಲಿಸಬೇಕು, ಬಟ್ಟೆ ಬದಲಾಯಿಸೋಕೆ. ಬರೆದುಕೊಳ್ಳಿ."

ಆಫೀಸರ್ ಬರೆದುಕೊಂಡರು. ಏನು ಬರೆದರೆಂದು ನಾನು ಇಣುಕಿ ನೋಡಿದೆ. ಎರಡು ಕಡೆ ಟೀ, ಎಂದು ಬರೆದಿದ್ದರು. ಅದನ್ನು ತಿದ್ದಲು ಹೋಗಲಿಲ್ಲ, ನಿಲ್ಲಿಸಿದರೆ ಸಾಕಾಗಿತ್ತು.

ಸಂಘದ ಗಂಡಸರು ಮೂವರು ಮಾತಾಡಿದರು. ಆಮೇಲೆ ಬೇಲಿನ ಮೇಲೆ ಹಾರ ಹಾಕಿ, ಟೀಚರನ್ನು ಕರೆದು, ಅದರ ಒಂದು ತುದಿಯನ್ನು ಅವರ ಕೈಗೆ ಮುಟ್ಟಿಸಿ ಫೋಟೋ ತೆಗೆದರು. ಟೀಚರ್ ಕ್ಯಾಮೆರಾದ ಕಡೆ ನೋಡಲಿಲ್ಲ. ಲಾರಿಯ ಕಡೆ ನೋಡುತ್ತಿದ್ದರು. ಬೇಲನ್ನು ಲಾರಿಗೆ ಹಾಕಿದರು. ಐದು ಸಲ ಒಗೆಯುವಷ್ಟು ನೀರು ಆ ಕ್ಯಾಂಪಿನಲ್ಲಿ ಇರಲಿ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ. ಸೋಮವಾರ ಆ ಫೋಟೋ ನಮ್ಮ ಪತ್ರಿಕೆಯಲ್ಲೂ ಬಂತು, ಎರಡು ಕಾಲಂ. ಅಡಿಬರಹ ಬರೆಯಲು ನನಗೇ ಕೊಟ್ಟರು. ನಿರಾಶ್ರಿತರಿಗೆ ಬಟ್ಟೆ ವಿತರಣೆ ಎಂದು ಬರೆದೆ. ಸುಳ್ಳಲ್ಲ.

ಶನಿವಾರ ಆ ಫೋಟೋ ಮುಗಿಯುವಷ್ಟರಲ್ಲಿ ಹುಡುಗಿ ಲಾರಿ ಹತ್ತಿದ್ದಳು. ಯಾರ ಕೈಯನ್ನೂ ಹಿಡಿಯದೆ, ಚಕ್ರದ ಮೇಲೆ ಕಾಲಿಟ್ಟು, ನಿಧಾನವಾಗಿ. ಅವಳ ಮುಖವನ್ನು ನಾನು ಸರಿಯಾಗಿ ನೋಡಿದ್ದು ಆಗಲೇ. ಕಟ್ಟಡ ಖಾಲಿಯಾಗುವ ದಿನವೆಂದು ಕಾವಲುಗಾರ ಬೆಳಿಗ್ಗೆಯೇ ಮಾಳಿಗೆಗೆ ಬೀಗ ಹಾಕಿದ್ದ. ಬೆಳಿಗ್ಗೆ ಒಗೆದ ನಾಲ್ಕು ಬಟ್ಟೆಗಳು ಅವಳ ಬಕೆಟ್ಟಿನಲ್ಲಿ ಒದ್ದೆಯಾಗಿಯೇ ಇದ್ದವು. ಅವಳು ಒಂದೊಂದನ್ನೇ ಹಿಂಡಿ, ಕೊಡವಿ, ಲಾರಿಯ ಪಕ್ಕದ ಹಗ್ಗಕ್ಕೆ ಗಂಟು ಹಾಕಿ ಕಟ್ಟತೊಡಗಿದಳು. ರಸ್ತೆಗೆ ಎದುರಾದ ಕಡೆ, ಬಿಸಿಲು ಬೀಳುತ್ತಿದ್ದ ಕಡೆ.

ಕೆಳಗೆ ಫೋಟೋಗ್ರಾಫರ್ ಕ್ಯಾಮೆರಾ ಎತ್ತಿ, ಕಾರ್ಯದರ್ಶಿಗಳ ಮುಖ ನೋಡಿ, ಇಳಿಸಿದ.

"ಏಯ್, ತೆಗೀಮ್ಮ ಅದನ್ನ," ಎಂದರು ಆಫೀಸರ್. "ದಾರಿ ಉದ್ದಕ್ಕೂ ಜನ ನೋಡ್ತಾರೆ."

"ಒಳಗೆ ಒಣಗೋದಿಲ್ಲ," ಎಂದಳು ಹುಡುಗಿ, ಗಂಟು ಬಿಗಿಯುತ್ತ. "ಮಿಸ್ಸಿ ಬಿಸಿಲಿಗೇ ಹಾಕು ಅಂದಿದಾರೆ."

ಆಫೀಸರ್ ಟೀಚರ ಕಡೆ ತಿರುಗಿದರು. ಟೀಚರ್ ಚಿಕ್ಕ ಮಕ್ಕಳಿಬ್ಬರನ್ನೂ ಎತ್ತಿ ಲಾರಿಯೊಳಗೆ ಬಿಟ್ಟು, ತಾವೂ ಹತ್ತಿ, ಮಗಳು ಕಟ್ಟಿದ ನಾಲ್ಕನೆಯ ಗಂಟು ಸಡಿಲವಾಗಿದೆ ಎಂದು ಬಿಚ್ಚಿ ಮತ್ತೆ ಕಟ್ಟಿದರು.

ಲಾರಿ ಊರಿನ ದಕ್ಷಿಣದ ಅಂಚಿನ ತಾಂಬರಂ ಕಡೆಗೆ ಹೊರಟಿತು. ಆ ಸಂಸಾರ ಮುಂದೆ ಏನಾಯಿತೆಂದು ನನಗೆ ಗೊತ್ತಿಲ್ಲ, ಗೊತ್ತಿಲ್ಲದ್ದನ್ನು ಬರೆಯುವುದಿಲ್ಲ. ಧೂಳು ಕೆಳಗಿಳಿಯುವವರೆಗೂ ನರ್ಸ್ ಕೈಯನ್ನು ಹಣೆಗೆ ಅಡ್ಡ ಹಿಡಿದು ಆ ಕಡೆಯೇ ನೋಡುತ್ತಿದ್ದರು.

"ಈ ಗಾಳಿಗೆ, ತಾಂಬರಂ ದಾಟೋಷ್ಟರಲ್ಲಿ ಒಣಗಿರುತ್ತೆ," ಎಂದರು.